ಕೈ ಕಾಣಬಾರದು

"ಕೈ ಕಾಣ್ತಿದೆ."

ಹಲಗೆಯನ್ನು ಅವಳು ಇನ್ನೊಂದು ಗೇಣು ಆಚೆ ಚಾಚಿದಳು. ಬೆನ್ನು ಕಂಬಕ್ಕೆ ಒತ್ತಿತು.

"ಇನ್ನೂ ಕಾಣ್ತಿದೆ ಅಕ್ಕ. ಹೆಬ್ಬೆರಳು."

ಹೆಬ್ಬೆರಳನ್ನು ಮಡಚಿ ಹಿಂದಕ್ಕೆ ತಂದಳು. ಈಗ ತಗಡಿನ ಹಲಗೆಯ ಭಾರವೆಲ್ಲ ನಾಲ್ಕು ಬೆರಳ ತುದಿಗೆ ಬಂತು. ತೋಳು ನಡುಗಿತು. ಹಲಗೆಯ ಮೇಲೆ ಆ ಮನೆಯ ನಂಬರು, ನಾಲ್ಕು ಅಂಕಿ. ಅಂಕಿ ನೆಟ್ಟಗೆ ಕಾಣಬೇಕು. ಮನೆಯ ಮುಂಬಾಗಿಲು ಪೂರ್ತಿ ಕಾಣಬೇಕು. ಹಿಡಿದವಳು ಕಾಣಬಾರದು. ಕಂಬವಿದ್ದರೆ ಕಂಬದ ಹಿಂದೆ, ಗಿಡವಿದ್ದರೆ ಗಿಡದ ಹಿಂದೆ. ಏನೂ ಇಲ್ಲದಿದ್ದರೆ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ, ಹಲಗೆಯನ್ನು ಪಕ್ಕಕ್ಕೆ ಎತ್ತಬೇಕು.

"ಉಸಿರು ಬಿಡಬೇಡಿ. ಅಲ್ಲಾಡುತ್ತೆ."

"ಉಸಿರೂ ಕಾಣುತ್ತಾ ನಿನ್ನ ಫೋನಿನಲ್ಲಿ?"

"ಉಸಿರು ಕಾಣಲ್ಲ. ಅಂಕಿ ಮಸುಕಾಗುತ್ತೆ."

ಫೋಟೊದವನು ಒತ್ತಿದ. ಪರದೆಯ ಮೇಲೆ ಒಂದು ಉಂಗುರ ಸುತ್ತತೊಡಗಿತು. ಅದು ನಿಲ್ಲುವವರೆಗೆ ಕದಲುವಂತಿಲ್ಲ. ಕೊನೆಗೆ ನಿಂತಿತು.

"ಮೇಲೆ ಹೋಯ್ತು," ಅಂದ.

ಅವಳು ಹಲಗೆ ಇಳಿಸಿದಳು. ಆ ದಿನದ ನಲವತ್ತೊಂದನೆಯ ಮನೆ. ಕೈ ಮಡಚಲು ಹೋದರೆ ಮೊಣಕೈ ಮಾತು ಕೇಳಲಿಲ್ಲ. ಒಂದು ಕ್ಷಣ ಗೇಟಿನ ಸರಳು ಹಿಡಿದು ನಿಂತಳು.

"ಗೇಟು ಬಿಡಮ್ಮ," ಅಂದ ಮನೆಯ ಯಜಮಾನ. ಆಮೇಲೆ ಒಳಗೆ ತಿರುಗಿ ಯಾರಿಗೋ ಕೂಗಿ ಹೇಳಿದ: "ಇಲ್ಲೊಂದು ಬಟ್ಟೆ ತಗೊಂಡು ಬಾ. ಈ ಸರಳು ಒರೆಸು."

ಒದ್ದೆ ಬಟ್ಟೆ ಹಿಡಿದು ಬಂದ ಮನೆಗೆಲಸದ ಹೆಂಗಸು ಇವಳ ಮುಖ ನೋಡಲಿಲ್ಲ. ಸರಳು ಒರೆಸಿದಳು. ಫೋಟೊ ತೆಗೆಯುವ ಮೊದಲು ಅವಳನ್ನೂ ಯಜಮಾನ ಜಗಲಿಯಿಂದ ಎಬ್ಬಿಸಿ ಹಿತ್ತಲಿಗೆ ಕಳಿಸಿದ್ದ. ತಂತಿಯ ಮೇಲಿದ್ದ ಬಟ್ಟೆ, ಬಾಗಿಲ ಬಳಿಯ ಚಪ್ಪಲಿ, ಪೊರಕೆ, ಬಕೆಟು, ಎಲ್ಲ ಅವಳ ಜೊತೆಗೇ ಹಿತ್ತಲಿಗೆ ಹೋಗಿದ್ದವು. ಫೋಟೊ ಕ್ಲೀನಾಗಿ ಬರಬೇಕು ಅಂದಿದ್ದ. ಎಲ್ಲ ಮನೆಯಲ್ಲೂ ಹಾಗೇ ಅನ್ನುತ್ತಿದ್ದರು.

ಹಲಗೆ ಹಿಡಿದವಳು ಅದನ್ನು ಚೆನ್ನಾಗಿ ಕಲಿತುಕೊಂಡಳು. ತಪ್ಪು ಆದದ್ದು ಅಲ್ಲೇ.

*

ಆಸ್ತಿ ದಾಖಲೆ ಕಚೇರಿಯಲ್ಲಿ ಅವಳು ಹನ್ನೆರಡು ವರ್ಷ ಕಸ ಗುಡಿಸಿದ್ದಳು. ರಿಜಿಸ್ಟರುಗಳ ಕೋಣೆ ಅವಳದು. ಒಂದೊಂದು ರಿಜಿಸ್ಟರೂ ಒರಳುಕಲ್ಲಿನಷ್ಟು ಭಾರ. ಕೇಳಿದವರಿಗೆ ಏಣಿ ಹತ್ತಿ ಇಳಿಸಿಕೊಡುವುದು, ಸಂಜೆ ಮತ್ತೆ ಏರಿಸಿ ಇಡುವುದು. ಧೂಳು ಮೂಗಿನಿಂದ ಎದೆಗಿಳಿದು ಅಲ್ಲೇ ಬಿಡಾರ ಹೂಡಿತ್ತು. ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು. ಕಪಾಟಿನ ಅಂಕಿ, ರಿಜಿಸ್ಟರಿನ ಅಂಕಿ, ಪುಟದ ಅಂಕಿ. ಹನ್ನೆರಡು ವರ್ಷದಲ್ಲಿ ಅವಳು ತಪ್ಪು ರಿಜಿಸ್ಟರು ಇಳಿಸಿದ್ದಿಲ್ಲ.

ರಿಜಿಸ್ಟರುಗಳೆಲ್ಲ ಕಂಪ್ಯೂಟರಿಗೆ ಹೋದವು. ಈ ವರ್ಷ ಆ ತಂತ್ರಾಂಶಕ್ಕೆ ಹೊಸದೊಂದು ಭಾಗ ಸೇರಿಸಿದರು: ಪ್ರತಿ ಮನೆಗೂ ಒಂದು ಫೋಟೊ. ಫೋಟೊ ಫೋನಿನಲ್ಲಿ ಇರುವುದಿಲ್ಲ, ಕಚೇರಿಯಲ್ಲೂ ಇರುವುದಿಲ್ಲ. ಮೇಲೆ ಹೋಗುತ್ತದೆ.

"ಮೇಲೆ ಅಂದ್ರೆ ಎಲ್ಲಿ?" ಅಂತ ಅವಳು ಫೋಟೊದವನನ್ನು ಕೇಳಿದ್ದಳು.

"ಎಲ್ಲೋ ಇರುತ್ತೆ ಅಕ್ಕ. ದೊಡ್ಡ ದೊಡ್ಡ ಯಂತ್ರ ಇರೋ ಕಟ್ಟಡ. ಯಾವಾಗ ಬೇಕಾದರೂ, ಎಲ್ಲಿಂದ ಬೇಕಾದರೂ ನೋಡಬಹುದು. ನಾನಂತೂ ಆ ಕಟ್ಟಡ ನೋಡಿಲ್ಲ."

"ಅಲ್ಲೂ ಕಸ ಗುಡಿಸೋರು ಇರ್ತಾರೆ ತಾನೆ?"

"ಇರ್ಬೇಕು."

"ಅವರನ್ನ ಕೇಳಿದ್ರೆ ಗೊತ್ತಾಗುತ್ತೆ."

ಪ್ರತಿ ಮನೆಗೂ ಅಂಕಿ ಬದಲಿಸಿ ಹಲಗೆ ಹಿಡಿಯಲು ಅಂಕಿ ಬಲ್ಲವರು ಬೇಕಿತ್ತು. ಕಚೇರಿಯ ಗಂಡಸರಿಗೂ ಅಂಕಿ ಬರುತ್ತಿತ್ತು. ಆದರೆ ಗಿಡದ ಹಿಂದೆ ಹೋಗಿ ಕೂರು ಅಂತ ಅವರಿಗೆ ಹೇಳುವ ಹಾಗಿರಲಿಲ್ಲ. ಹಾಗಾಗಿ ಹಲಗೆ ಇವಳ ಹೆಗಲಿಗೆ ಬಂತು. ಅಂದಿನಿಂದ ಕಚೇರಿಯಲ್ಲಿ ಅವಳ ಹೆಸರೂ ಹಲಗೆ. "ಏ ಹಲಗೆ, ಫ್ಯಾನು ಹಾಕು."

ಫೋಟೊ ಕೆಲಸ ಶುರುವಾಗುವ ಮೊದಲು ತರಬೇತಿ ಇತ್ತು. ನಲವತ್ತು ಕುರ್ಚಿ ಅವಳೇ ಹಾಕಿದಳು, ಅವಳೇ ಒರೆಸಿದಳು. ಚಿತ್ರ ತೋರಿಸಲು ಗೋಡೆಯ ಮೇಲೆ ಬೆಳಕು ಬಿಟ್ಟಾಗ ಕೊನೆಯ ಸಾಲಿನ ಹಿಂದೆ ನಿಂತಳು. ಹಲಗೆ ಹಿಡಿಯುವವಳು ತಾನೇ ಅಲ್ಲವೇ ಅಂದುಕೊಂಡಿದ್ದಳು.

"ನೀನ್ಯಾಕಮ್ಮ ಇಲ್ಲಿ? ಹೋಗಿ ಮೆಟ್ಟಿಲು ಒರೆಸು," ಅಂದರು ಸಾಹೇಬರು.

ಅವಳು ಮೆಟ್ಟಿಲು ಒರೆಸಿದಳು. ಒಟ್ಟು ಮೂವತ್ತಾರು ಮೆಟ್ಟಿಲು. ಒಳಗೆ ಆಗ ಹೇಳಿದ ಒಂದು ಮಾತು ಅವಳಿಗೆ ತಲುಪಿದ್ದು ನಾಲ್ಕೈದು ತಿಂಗಳ ಮೇಲೆ. ಫೋಟೊದವನು ಒಳಗೇ ಕೂತಿದ್ದ. ಅವನಿಗೆ ನಿದ್ದೆ ಬಂದಿತ್ತಂತೆ.

*

ಕಸದ ಲಾರಿಗಳ ಶೆಡ್ಡಿನ ಹಿಂದೆ ಅವಳ ಓಣಿ. ಇಪ್ಪತ್ತೆರಡು ಮನೆ. ಗುಡಿಸುವವರು, ಚರಂಡಿ ತೆಗೆಯುವವರು, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವವರು. ಅತ್ತೆಯ ಮಾವನ ಕಾಲದಲ್ಲಿ ಯಾರೋ ಅಧಿಕಾರಿ ಕೈ ತೋರಿಸಿ, ಅಲ್ಲೇ ಇರಿ, ಅಂದಿದ್ದರಂತೆ. ಬಾಯಿಮಾತು. ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವಳಿಗದು ಚೆನ್ನಾಗಿ ಗೊತ್ತು. ಪ್ರತಿ ರಿಜಿಸ್ಟರನ್ನೂ ಎತ್ತಿ ಇಳಿಸಿದವಳು.

ಈಗ ಮೊದಲ ಸಲ ಓಣಿಗೂ ಅಂಕಿ ಬಂತು. ಇಪ್ಪತ್ತೆರಡು ಅಂಕಿ. ಫೋಟೊ ಮೇಲೆ ಹೋದರೆ ಮನೆ ದಾಖಲೆಗೆ ಬಂದ ಹಾಗೆ, ಅಂದ ಫೋಟೊದವನು. ಅವಳು ಆ ಸಂಜೆ ಓಡುತ್ತ ಓಣಿಗೆ ಬಂದಳು. ಹಲಗೆ ಹೊತ್ತ ಭುಜ ಊದಿಕೊಂಡಿತ್ತು. ನೋವು ಲೆಕ್ಕಕ್ಕೇ ಬರಲಿಲ್ಲ.

"ನಾಳೆ ಬೆಳಿಗ್ಗೆ ನಮ್ಮ ಓಣಿ. ಎಲ್ಲ ಕ್ಲೀನಾಗಿರಬೇಕು. ತಂತಿ ಮೇಲೆ ಒಂದು ಚಿಂದಿ ಕಾಣಬಾರದು. ಕೊಡ, ಬಕೆಟು, ಒಲೆ, ಸೈಕಲ್ಲು, ಎಲ್ಲ ಹಿಂದೆ. ಜನಾನೂ ಹಿಂದೆ. ದೊಡ್ಡ ರಸ್ತೆಯೋರು ಹಂಗೇ ಮಾಡ್ತಾರೆ. ನಾನು ಮೂರು ಸಾವಿರ ಮನೆ ನೋಡಿದೀನಿ."

"ಜನ ಯಾಕೆ ಹಿಂದೆ?" ಅಂದ ಪೈಪಿನಣ್ಣ. ಚರಂಡಿಯ ಪೈಪಿಗಿಳಿಯುವವನು. "ಮನೆ ನಮ್ದು ತಾನೆ?"

"ಮನೆ ಫೋಟೊ ಅಣ್ಣ. ನಿನ್ನ ಮದುವೆ ಫೋಟೊ ಅಲ್ಲ."

ಓಣಿ ನಕ್ಕಿತು. ಪೈಪಿನಣ್ಣನೂ ನಕ್ಕ.

ಮರುದಿನ ನಸುಕಿಗೇ ಇಪ್ಪತ್ತೆರಡು ಮನೆಯವರೂ ಎದ್ದರು. ಊರಿನ ಬೀದಿ ಗುಡಿಸುವ ಪೊರಕೆಯಲ್ಲಿ ತಮ್ಮ ಅಂಗಳ ಗುಡಿಸಿದರು. ಹೊಸ್ತಿಲು ತಿಕ್ಕಿದರು. ಆಸ್ಪತ್ರೆಯಲ್ಲಿ ಒಗೆಯುವವಳು ಅಲ್ಲಿಂದ ಒಂದು ಬಾಟಲಿ ಬ್ಲೀಚಿಂಗ್ ನೀರು ತಂದಿದ್ದಳು, ಗೋಡೆಯ ಕರೆ ಹೋಗಲಿ ಅಂತ. ಅವಳ ಅಂಗೈ ಸುಲಿಯಿತು. ಯಾರೂ ಕೆಲಸಕ್ಕೆ ಕರೆದಿರಲಿಲ್ಲ, ಯಾರೂ ಬೈಯುತ್ತಿರಲಿಲ್ಲ. ತಮ್ಮ ಕಸವನ್ನು ತಾವೇ ತೆಗೆಯುತ್ತಿದ್ದರು. ಅದೇ ಒಂದು ಸಂಭ್ರಮವಾಗಿತ್ತು. ಆಮೇಲೆ ಪಾತ್ರೆ, ಹಾಸಿಗೆ, ಟ್ರಂಕು, ಒಲೆ ಎಲ್ಲವನ್ನೂ ಹೊತ್ತು ಮನೆಗಳ ಹಿಂದೆ, ಚರಂಡಿಯ ದಂಡೆಗೆ ತಂದಿಟ್ಟರು.

ಉಳಿದವಳು ಅತ್ತೆ. ಸೊಂಟ ಬಿದ್ದು ನಾಲ್ಕು ವರ್ಷ. ಮಂಚ ಬಾಗಿಲಿಗೆ ಎದುರಾಗಿಯೇ ಇತ್ತು. ಅಲ್ಲಿಂದ ಅವಳಿಗೆ ಓಣಿಯಲ್ಲಿ ಹೋಗುವ ಬರುವ ಕಾಲುಗಳು ಕಾಣುತ್ತಿದ್ದವು. ಅವಳ ಲೋಕ ಅಷ್ಟೇ.

"ನನ್ನನ್ನೂ ಎತ್ತಿಡ್ತೀಯೇನೆ? ನಾನೇನು ಕಸವಾ?"

"ಬಾಗಿಲಿಂದ ಕಾಣ್ತೀರಿ ಅತ್ತೆ. ಹತ್ತೇ ನಿಮಿಷ."

"ಕಂಡ್ರೆ ಏನಾಗುತ್ತೆ? ಫೋನು ಒಡೆದು ಹೋಗುತ್ತಾ?"

ಅವಳೂ ಪೈಪಿನಣ್ಣನೂ ಸೇರಿ ಮಂಚ ಎಳೆದರು. ಎತ್ತಲು ಆಗಲಿಲ್ಲ. ಹೊಸದಾಗಿ ಸಾರಿಸಿದ ನೆಲದ ಮೇಲೆ ಮಂಚದ ಕಾಲು ಗೆರೆ ಎಳೆಯುತ್ತ ಹೋಯಿತು. ಅತ್ತೆ ಕಣ್ಣು ಮುಚ್ಚಿಕೊಂಡು, "ಹೋಗು, ಜೋರಾಗಿ ಎಳಿ, ಸೀದಾ ಮಸಣಕ್ಕೇ ಬಿಡು," ಅನ್ನುತ್ತಿದ್ದಳು.

ಫೋಟೊದವನು ಬಂದ. ಅವಳು ಹಲಗೆ ಹಿಡಿದಳು. ಒಂದನೆಯ ಮನೆ, ಎರಡನೆಯದು, ಮೂರನೆಯದು. ಕೈ ಒಂದು ಸಲವೂ ಕಾಣಲಿಲ್ಲ. ಹದಿನೇಳನೆಯದು ಅವಳ ಸ್ವಂತ ಮನೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ, ಉಸಿರು ಬಿಗಿಹಿಡಿದಳು. ಹಿಂದೆ ಚರಂಡಿಯ ದಂಡೆಯಲ್ಲಿ ತೊಂಬತ್ತು ಜನ ಪಾತ್ರೆ ಪಗಡೆ ಅವುಚಿಕೊಂಡು ಸದ್ದಿಲ್ಲದೆ ನಿಂತಿದ್ದರು. ಒಂದು ಮಗು ಕೆಮ್ಮಿತು. ಯಾರೋ ಅದರ ಬಾಯಿ ಮುಚ್ಚಿದರು.

"ಮೇಲೆ ಹೋಯ್ತು," ಅಂದ ಫೋಟೊದವನು. "ಚೆನ್ನಾಗಿ ಬಂದಿದೆ ಅಕ್ಕ. ದೊಡ್ಡ ರಸ್ತೆಗಿಂತ ಕ್ಲೀನು."

ಮಂಚವನ್ನು ವಾಪಸ್ ಎಳೆಯುವಾಗ ಅತ್ತೆ ಕೇಳಿದಳು: "ಏನಂದ ಅವನು?"

"ಫೋಟೊ ಮೇಲೆ ಹೋಯ್ತಂತೆ."

"ನನ್ನ ಮಗನೂ ಮೇಲೆ ಹೋದ. ಕೆಳಗೆ ಕಳಿಸಿದ್ರಾ?"

*

ಎರಡು ತಿಂಗಳಾದ ಮೇಲೆ ಸಾಹೇಬರು ಅವಳ ಕೈಗೆ ಆರು ಹಾಳೆ ಕೊಟ್ಟು ಕಚೇರಿಯ ಹೊರಗೋಡೆಗೆ ಅಂಟಿಸು ಅಂದರು. ಅವಳು ಅಂಟು ಕಲಸಿದಳು. ಒಂದೊಂದೇ ಹಾಳೆ ಬಳಿದು, ಗಾಳಿ ಸೇರದಂತೆ ಅಂಗೈಯಲ್ಲಿ ಒತ್ತಿ ಸವರಿದಳು. ಆರನೆಯ ಹಾಳೆಯಲ್ಲಿ ಅವಳ ಕೈ ನಿಂತಿತು.

ಓಣಿಯ ಅಂಕಿಗಳು. ಅವು ಅವಳಿಗೆ ಬಾಯಿಪಾಠ. ಒಂದೊಂದು ಅಂಕಿಯ ಎದುರೂ ಕೊನೆಯ ಕಾಲಮ್ಮಿನಲ್ಲಿ ಒಂದು ಸೊನ್ನೆ. ಬೇರೆ ಹಾಳೆಗಳಲ್ಲಿ ಅದೇ ಕಾಲಮ್ಮಿನಲ್ಲಿ ನಾಲ್ಕು ಇತ್ತು, ಆರು ಇತ್ತು, ಎರಡು ಇತ್ತು. ಇಲ್ಲಿ ಸೊನ್ನೆ. ಬೆರಳಿಟ್ಟು ಎಣಿಸಿದಳು. ಇಪ್ಪತ್ತೆರಡು ಸೊನ್ನೆ. ಬೆರಳಿಗೆ ಅಂಟು ಹತ್ತಿ ಕಾಗದ ಹದಿನೇಳರ ಹತ್ತಿರ ಸ್ವಲ್ಪ ಹರಿಯಿತು.

ಫೋಟೊದವನನ್ನು ಕರೆತಂದು ತೋರಿಸಿದಳು. ಅವನು ಓದಿದ. ಮತ್ತೊಮ್ಮೆ ಓದಿದ.

"ವಾಸ ಇರೋರು ಅನ್ನೋ ಕಾಲಮ್ಮು ಅಕ್ಕ ಇದು."

"ಸೊನ್ನೆ ಅಂದ್ರೆ?"

"ಯಾರೂ ಇಲ್ಲ. ಖಾಲಿ ಕಟ್ಟಡ. ಒಂದು ತಿಂಗಳಲ್ಲಿ ಕೆಡವಿ ಜಾಗ ತಗೋತಾರಂತೆ."

"ನಾವು ಇದೀವಲ್ಲ."

ಅವನು ಗೋಡೆ ನೋಡಿದ. ಆಮೇಲೆ ಹೇಳಿದ. ರಿಜಿಸ್ಟರಿನಲ್ಲಿ ಇರುವ ಮನೆಗಳಿಗೆ ಜನರ ಲೆಕ್ಕ ರಿಜಿಸ್ಟರಿನಿಂದ ಬಂತು. ಇಲ್ಲದ ಮನೆಗಳಿಗೆ ಫೋಟೊ ಒಂದೇ ಸಾಕ್ಷಿ. ಯಂತ್ರವೇ ಫೋಟೊ ನೋಡುತ್ತದೆ. ಬಾಗಿಲಲ್ಲಿ ಯಾರಾದರೂ ನಿಂತಿದ್ದಾರಾ, ತಂತಿಯ ಮೇಲೆ ಬಟ್ಟೆ ಇದೆಯಾ, ಕೊಡ, ಚಪ್ಪಲಿ, ಸೈಕಲ್ಲು, ಒಲೆಯ ಹೊಗೆ. ಏನೂ ಇಲ್ಲದಿದ್ದರೆ ಸೊನ್ನೆ.

"ಅವತ್ತು ತರಬೇತಿಯಲ್ಲಿ ಹೇಳಿದ್ರಂತೆ," ಅಂದ. "ನನಗೆ... ನಾನು ಕೇಳಿಸ್ಕೊಳ್ಳಲಿಲ್ಲ ಅಕ್ಕ."

ಅವಳಿಗೆ ಮೂವತ್ತಾರು ಮೆಟ್ಟಿಲು ನೆನಪಾಯಿತು. ಒದ್ದೆ ಬಟ್ಟೆ. ಬಾಗಿಲಿನಾಚೆ ಯಾರೋ ಮಾತಾಡುತ್ತಿದ್ದ ಸದ್ದು.

ಓಣಿಗೆ ಅವಳೇ ಹೋಗಿ ಹೇಳಿದಳು. ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ ಅನ್ನಿಸಿತು. ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಯಲ್ಲಿ ಒಗೆಯುವವಳು ಸುಲಿದು ಕಪ್ಪಾದ ಅಂಗೈ ತೋರಿಸಿ, "ಇದನ್ನ ಏನ್ಮಾಡ್ಲಿ, ಹೇಳು," ಅಂದಳು. ಅಷ್ಟೇ.

ಪೈಪಿನಣ್ಣ ಮಾತ್ರ ನಕ್ಕ. ಕೆಟ್ಟ ನಗು. "ಊರನ್ನೆಲ್ಲ ಕ್ಲೀನ್ ಮಾಡಿ ಮಾಡಿ ಅಭ್ಯಾಸ. ಕೊನೆಗೆ ನಮ್ಮನ್ನೂ ಕ್ಲೀನ್ ಮಾಡ್ಕೊಂಡ್ವಿ. ಅವರಿಗೆ ಪೊರಕೆ ಹಿಡಿಯೋ ಕೆಲಸಾನೂ ಉಳಿಸಿದ್ವಿ."

ಮರುದಿನ ಓಣಿಯೇ ಎದ್ದು ಕಚೇರಿಗೆ ಹೋಯಿತು. ಕಿಟಕಿಯ ಹಿಂದೆ ಕೂತ ಗುಮಾಸ್ತ ತಲೆ ಎತ್ತಲಿಲ್ಲ.

"ತಕರಾರಿದ್ರೆ ಫೋಟೊ ಹಾಕಿ."

ಹಾಕಲು ಹೋದರು. ಯಂತ್ರ ತೆಗೆದುಕೊಳ್ಳಲಿಲ್ಲ. ಈ ಅಂಕಿಗೆ ಈಗಾಗಲೇ ಒಂದು ಫೋಟೊ ಇದೆ ಅಂದಿತು. ಒಂದು ಮನೆಗೆ ಒಂದೇ ಫೋಟೊ.

"ಸ್ವಾಮಿ, ನಾವು ಬದುಕಿದೀವಲ್ಲ," ಅಂದ ಪೈಪಿನಣ್ಣ. "ನಿಮ್ಮ ಮುಂದೆನೇ ನಿಂತಿದೀವಲ್ಲ."

"ಇಲ್ಲಿ ನಿಂತಿದೀರಿ," ಅಂದ ಗುಮಾಸ್ತ. "ಅಲ್ಲಿ ಇಲ್ಲ."

ತಕರಾರನ್ನು ಕಾಗದದಲ್ಲಿ ಬರೆಸಿ ಕೊಟ್ಟು ಸಂಜೆಯವರೆಗೆ ನಿಂತರು. ಕಿಟಕಿ ಮುಚ್ಚಿತು. ಅವಳು ಪೊರಕೆ ತೆಗೆದುಕೊಂಡು, ಅವರು ನಿಂತಿದ್ದ ಜಾಗವನ್ನು ಗುಡಿಸಬೇಕಾಯಿತು. ಅದೂ ಅವಳ ಕೆಲಸವೇ.

ಮೂರು ವಾರ ಹೀಗೇ ಹೋಯಿತು. ಓಣಿಯ ಅರ್ಧ ಜನ ಅವಳ ಜೊತೆ ಮಾತು ಬಿಟ್ಟರು. ಆಮೇಲೊಂದು ಬೆಳಿಗ್ಗೆ ಸಾಹೇಬರು ನಾಳೆ ಹನ್ನೊಂದಕ್ಕೆ ಕೋಣೆಗೆ ಬಾ ಅಂದರು.

"ಏನಾದ್ರೂ ಕೊಡ್ತಾರೆ," ಅಂದಳು ಅತ್ತೆ, ಮಂಚದಲ್ಲಿ ಮಲಗಿಕೊಂಡೇ. ಸೊಸೆ ಅವಳ ಬೆನ್ನು ತಿರುಗಿಸಿ ಹುಣ್ಣು ಒರೆಸುತ್ತಿದ್ದಳು. "ಕರೆದು ಕೊಡ್ತಾರೆ ಅಂದ್ರೆ ತಗೊಂಡು ಬಾ. ಏನೇ ಇರಲಿ. ಜಂಬ ಮಾಡ್ಬೇಡ. ಈ ಬಾಗಿಲು ಬಿಟ್ಟು ನನಗೆ ಬೇರೆ ಕಡೆ ಸಾಯೋಕೆ ಬರಲ್ಲ."

"ಹೂಂ ಅತ್ತೆ."

"ಹೂಂ ಅಂದ್ರೆ ಹೂಂ."

*

"ಕೂತ್ಕೊಳ್ಳಮ್ಮ," ಅಂದರು ಸಾಹೇಬರು.

ಹನ್ನೆರಡು ವರ್ಷ ಒರೆಸಿದ ಕುರ್ಚಿ. ಅವಳು ಅಂಚಿನಲ್ಲಿ ಕೂತಳು. ಸಾಹೇಬರ ದನಿ ಮೆತ್ತಗಿತ್ತು. ಅವರು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. ಹದಿನೇಳನೆಯ ಮನೆ.

"ನಿನ್ನದು ತಾನೆ?"

ಅವಳು ನೋಡಿದಳು. ಸ್ವಂತ ಮನೆಯನ್ನು ಅಷ್ಟು ದೂರದಿಂದ ಅವಳು ನೋಡಿರಲೇ ಇಲ್ಲ. ಬೆಳ್ಳಗಿನ ಹೊಸ್ತಿಲು. ತೆರೆದ ಬಾಗಿಲು. ಒಳಗೆ ಕತ್ತಲೆ. ಪಕ್ಕದಲ್ಲಿ ಹಲಗೆ, ಯಾರೂ ಹಿಡಿಯದೆ ತಾನೇ ಗಾಳಿಯಲ್ಲಿ ನಿಂತ ಹಾಗೆ. ಚೆನ್ನಾಗಿಯೇ ಬಂದಿತ್ತು. ಯಾರೋ ಸತ್ತು ಮನೆ ತೊಳೆದ ಹಾಗಿತ್ತು.

"ಯಂತ್ರ ಒಂದು ಮನೆಗೆ ಒಂದೇ ಫೋಟೊ ತಗೊಳ್ಳುತ್ತೆ," ಅಂದರು ಸಾಹೇಬರು. "ಆದರೆ ಒಂದನ್ನ ಬದಲಾಯಿಸೋ ಅಧಿಕಾರ ನನಗಿದೆ. ಒಂದೇ ಒಂದನ್ನ. ಇವತ್ತೇ ಫೋಟೊದವನನ್ನ ಕಳಿಸ್ತೀನಿ. ನೀನೂ ನಿಮ್ಮತ್ತೆನೂ ಬಾಗಿಲಲ್ಲಿ ಇರಿ. ಬಟ್ಟೆ ಒಣಹಾಕು, ಕೊಡ ಇಡು, ಏನು ಬೇಕಾದ್ರೂ ಇಡು. ಸೊನ್ನೆ ಹೋಗಿ ಎರಡು ಬರುತ್ತೆ. ನಿನ್ನ ಮನೆ ದಾಖಲೆಗೆ ಸೇರುತ್ತೆ. ಹನ್ನೆರಡು ವರ್ಷ ಇಲ್ಲಿ ದುಡಿದಿದೀಯ. ಅಷ್ಟೂ ಮಾಡದಿದ್ರೆ ಹೇಗೆ?"

ಅತ್ತೆ ಮಂಚದಿಂದ ಓಣಿಯ ಕಾಲುಗಳನ್ನು ನೋಡುತ್ತಿರುವುದು ಅವಳ ಕಣ್ಣಿಗೆ ಬಂತು.

"ಉಳಿದ ಇಪ್ಪತ್ತೊಂದು?"

ಸಾಹೇಬರು ಒಂದು ಹಾಳೆ ಮುಂದಿಟ್ಟರು.

"ಅದಕ್ಕೇ ಇದು. ಅವರು ತಕರಾರು ಹಾಕಿದಾರಲ್ಲ. ಮುಗಿಸಬೇಕಂದ್ರೆ ಜಾಗದಲ್ಲಿದ್ದವರ ಹೇಳಿಕೆ ಬೇಕು. ಜಾಗದಲ್ಲಿ ಇದ್ದವರು ಇಬ್ಬರೇ, ಫೋಟೊದವನು ಮತ್ತು ನೀನು. ಅವನು ಹಾಕಿದಾನೆ, ನೋಡು ಸಹಿ. ನಿನ್ನದೊಂದು ಹೆಬ್ಬೆಟ್ಟು."

"ಏನು ಬರೆದಿದೆ?"

"ಫೋಟೊ ತೆಗೆದಾಗ ಆ ಇಪ್ಪತ್ತೊಂದು ಮನೆಯಲ್ಲಿ ಯಾರೂ ಇರಲಿಲ್ಲ ಅಂತ."

"ಇದ್ರು."

"ಎಲ್ಲಿದ್ರು?"

"ಹಿಂದೆ. ಚರಂಡಿ ದಂಡೆ ಮೇಲೆ."

"ಮನೆಯಲ್ಲಿ ಇದ್ರಾ?"

ಅವಳು ಹಾಳೆಯ ಮೇಲಿನ ಸಹಿ ನೋಡಿದಳು.

"ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲಮ್ಮ. ನೀನೇ ನೋಡು. ಒಂದೊಂದೇ ತೋರಿಸ್ತೀನಿ. ಎಲ್ಲಾದ್ರೂ ಒಂದು ಮನುಷ್ಯನ ಗುರುತು ತೋರಿಸು."

ಅವರು ಒತ್ತುತ್ತ ಹೋದರು. ಒಂದು, ಎರಡು, ಮೂರು. ತಿಕ್ಕಿದ ಹೊಸ್ತಿಲುಗಳು. ಖಾಲಿ ತಂತಿಗಳು. ಅವಳು ಪ್ರತಿಯೊಂದನ್ನೂ ನೋಡಿದಳು. ಎಲ್ಲಿಯೂ ಒಂದು ಕಡ್ಡಿ ಉಳಿದಿರಲಿಲ್ಲ. ಕೆಲಸದಲ್ಲಿ ಕುಂದು ಹುಡುಕುವ ಹಾಗಿರಲಿಲ್ಲ. ಹದಿನೇಳು ಮತ್ತೆ ಬಂದಾಗ ಅವಳು ಮುಂದಕ್ಕೆ ಬಾಗಿದಳು. ಪರದೆಯ ಕೆಳಗಂಚಿನಲ್ಲಿ, ಸಾರಿಸಿದ ನೆಲದ ಮೇಲೆ ಎರಡು ಗೆರೆ. ಬಾಗಿಲಿನಿಂದ ಹೊರಟು ಪಕ್ಕಕ್ಕೆ ತಿರುಗಿ ಚಿತ್ರದ ಆಚೆ ಹೋಗಿದ್ದವು.

"ಇದು," ಅಂದಳು.

"ಏನದು?"

"ಮಂಚದ ಕಾಲು. ನಮ್ಮತ್ತೆನ ಎಳಕೊಂಡು ಹೋದದ್ದು."

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಗೆರೆ," ಅಂದರು. "ಯಂತ್ರ ಗೆರೆ ಎಣಿಸಲ್ಲ. ಇರಲಿ, ನಿನ್ನ ಮನೆ ಹೇಗೂ ಸರಿಯಾಗುತ್ತಲ್ಲ. ನಿಮ್ಮತ್ತೆ ಮಂಚದ ಸಮೇತ ಫೋಟೊಗೆ ಬರಲಿ."

ಅವರು ಮೇಜಿನ ಖಾನೆ ತೆರೆದು ಶಾಯಿಯ ಡಬ್ಬಿ ತೆಗೆದರು. ಮುಚ್ಚಳವನ್ನು ತಾವೇ ಬಿಚ್ಚಿ ಅವಳ ಕಡೆ ಸರಿಸಿದರು. ನೀಲಿ ಬಟ್ಟೆ ಹೊಸದಾಗಿತ್ತು, ಒದ್ದೆಯಾಗಿ ಹೊಳೆಯುತ್ತಿತ್ತು. ಅವಳ ಬಲಗೈ ಮಡಿಲಲ್ಲಿತ್ತು. ಹಲಗೆ ಹಿಡಿಯುವ ಕೆಲಸ ಮುಗಿದು ಎರಡು ತಿಂಗಳಾದರೂ ಹೆಬ್ಬೆರಳು ನೆಟ್ಟಗಾಗಿರಲಿಲ್ಲ. ತಾನಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತಿತ್ತು.

"ಒತ್ತದೇ ಹೋದ್ರೆ?"

"ಏನಾಗುತ್ತೆ? ಇಪ್ಪತ್ತೊಂದರ ಜಾಗದಲ್ಲಿ ಇಪ್ಪತ್ತೆರಡು ಮನೆ ಕೆಡವ್ತಾರೆ. ಒಂದು ವಾರ ತಡ ಆಗಬಹುದು. ನಿನಗೆ ಇಲ್ಲಿ ಕೆಲಸ ಇರಲ್ಲ. ಅವರಿಗೂ ಏನೂ ಉಳಿಯಲ್ಲ. ನೀನು ಒತ್ತಿದ್ರೂ ಬಿಟ್ರೂ ಅವರ ಮನೆ ಹೋಗುತ್ತೆ. ಅದು ನಿನಗೂ ಗೊತ್ತು."

"ಗೊತ್ತು."

"ಅವರೇನು ನಿನ್ನ ಜೊತೆ ಈಗ ಮಾತಾಡ್ತಾರಾ?"

"ಇಲ್ಲ."

"ಮತ್ತೆ?"

ಹೊರಗೆ ಯಾರೋ, "ಹಲಗೆ, ಏ ಹಲಗೆ," ಅಂತ ಕೂಗಿದರು. ಎಲ್ಲೋ ನೀರು ಚೆಲ್ಲಿರಬೇಕು. ಅವಳು ಅಭ್ಯಾಸಬಲದಿಂದ ಏಳಹೋಗಿ, ಮತ್ತೆ ಕೂತಳು. ಈ ಸಲ ಅಂಚಿನಲ್ಲಿ ಕೂರಲಿಲ್ಲ.

ಸಾಹೇಬರು ಹಾಳೆಯನ್ನು ಇನ್ನಷ್ಟು ಹತ್ತಿರಕ್ಕೆ ತಂದು, ಒತ್ತಬೇಕಾದ ಜಾಗದಲ್ಲಿ ಬೆರಳಿಟ್ಟು ತೋರಿಸಿದರು.

ಅವಳು ಎರಡೂ ಕೈ ಎತ್ತಿ ಮೇಜಿನ ಮೇಲೆ, ಅವರ ಕಣ್ಣ ಮುಂದೆ ಇಟ್ಟಳು.

"ಒತ್ತಲ್ಲ," ಅಂದಳು.